ಹಂಡೆಮಡುವಿನಲ್ಲಿ ಬಟ್ಟಲು ಮುಳುಗಿಸುವ ಪಿಲ್ಸುನ್

ಬೆಳಕು ಇನ್ನೂ ಹರಿದಿಲ್ಲ. ಹೊಳೆಯ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿದೆಯೆಂದರೆ ನೀರಿಗಿಳಿದ ಪಿಲ್ಸುನ್ ಅವರ ಕಾಲುಗಳೇ ಕಾಣುವುದಿಲ್ಲ. ಸೊಂಟದಿಂದ ಮೇಲಿನ ಹೆಂಗಸೊಬ್ಬಳು ಮಂಜಿನ ಮೇಲೆ ತೇಲಿಕೊಂಡು ಹೋದ ಹಾಗಿದೆ. ಎಡಗೈಯಲ್ಲಿ ಬುಟ್ಟಿ. ಬುಟ್ಟಿಯ ತುಂಬ ಹಳೆಯ ಪಿಂಗಾಣಿ ಬಟ್ಟಲುಗಳು. ಒಂದೊಂದರ ಬಾಯಿಗೂ ಬಿಗಿದು ಕಟ್ಟಿದ ಬಟ್ಟೆ, ಬಟ್ಟೆಯ ನಡುವೆ ಹೆಬ್ಬೆರಳು ತೂರುವಷ್ಟು ತೂತು. ಅವರು ಬಗ್ಗಿ ಕೈಯಿಂದಲೇ ತಳ ತಡಕುತ್ತಾರೆ. ಎರಡು ಕಲ್ಲುಗಳ ಸಂದಿ ಸಿಕ್ಕಿದ ಕಡೆ ಒಂದು ಬಟ್ಟಲನ್ನು ಕೂರಿಸುತ್ತಾರೆ. ಕೂರಿಸಿದ ಮೇಲೆ ಕೂಡಲೇ ಮುಂದೆ ಹೋಗುವುದಿಲ್ಲ. ಕತ್ತು ಓರೆ ಮಾಡಿ, ಉಸಿರು ಹಿಡಿದು ಕೇಳಿಸಿಕೊಳ್ಳುತ್ತಾರೆ.

ಟಕ್. ಟಕ್ ಟಕ್.

ನೀರಿನ ಒಳಗಿನಿಂದ ಯಾರೋ ಉಗುರಿನಲ್ಲಿ ಕಲ್ಲು ತಟ್ಟುತ್ತಿರುವಂಥ ಸದ್ದು. ಇಲ್ಲಿನವರು ದೊಲ್‌ಗೊಗಿ ಎಂದು ಕರೆಯುವ ಕಲ್ಮೀನುಗಳು ಕಲ್ಲಿಗಂಟಿದ ಹುಳ, ಪಾಚಿ ಕುಟುಕುವಾಗ ಹೀಗೆ ಕೇಳುತ್ತದೆ. ಬೆರಳುದ್ದದ ಮೀನು. ಮೂತಿಯಿಂದ ಬಾಲದವರೆಗೆ ಒಂದೇ ಕಪ್ಪು ಪಟ್ಟಿ, ಕಣ್ಣಿನ ಮೇಲೂ ಹಾದುಹೋಗುವುದರಿಂದ ಕಣ್ಣು ಎಲ್ಲಿದೆ ಎಂದು ಹುಡುಕಬೇಕು.

"ಇದಾವೆ" ಎನ್ನುತ್ತಾರೆ ಪಿಲ್ಸುನ್, ಹೊಸಿಲಲ್ಲಿ ನಿಂತು ಮನೆಯವರನ್ನು ಲೆಕ್ಕ ಹಾಕಿದವರ ಹಾಗೆ. "ಸದ್ದು ಇದ್ರೆ ಹೆದರಿಕೆ ಇಲ್ಲ. ನಿಂತುಹೋಯ್ತು ಅಂದ್ರೆ ಮಾತ್ರ ಬುಟ್ಟಿ ಅಲ್ಲೇ ಬಿಟ್ಟು ದಡಕ್ಕೆ ಬಂದ್ಬಿಡ್ತೀನಿ."

ಯಾಕೆ ನಿಲ್ಲುತ್ತದೆ ಎಂದು ಕೇಳಿದರೆ ನಗುತ್ತಾರೆ. "ನಿಲ್ಲಿಸಿದವರನ್ನ ಕೇಳ್ಬೇಕು."

ಗುಮ್ ನದಿಯ ಮೇಲುಭಾಗದಲ್ಲಿ, ಮುಲ್ಗೊಲ್ ಊರಿನ ಕೆಳಗೆ ಹೊಳೆ ಬಂಡೆಯನ್ನು ಬಳಸಿ ತಿರುಗುತ್ತದೆ. ತಿರುವಿನ ಒಳಗೆ ಕೈಯಿಂದ ತೋಡಿದಷ್ಟು ದುಂಡಗಿನ ಮಡು. ಇದಕ್ಕೆ ಹಂಡೆಮಡು ಎಂದೇ ಹೆಸರು. ಅಂಚಿನಲ್ಲಿ ಮೊಣಕಾಲುದ್ದ ನೀರು, ಎರಡು ಹೆಜ್ಜೆ ಆಚೆ ಇಟ್ಟರೆ ತಳವೇ ಸಿಗದು. ಮದುವೆಯಾಗಿ ಬಂದ ವರ್ಷದಿಂದ ಪಿಲ್ಸುನ್ ಈ ಅಂಚಿನಲ್ಲೇ ಬಟ್ಟಲು ಮುಳುಗಿಸುತ್ತಿದ್ದಾರೆ. ಈಗ ಅವರಿಗೆ ಎಪ್ಪತ್ತರ ಹತ್ತಿರ.

ಬಟ್ಟಲು ಹಾಕುವುದು ಹಳೆಯ ಕಸುಬು. ಹುರಿದ ತೌಡಿಗೆ ಮನೆಯಲ್ಲಿ ಹುದುಗಿಸಿದ ಸೋಯಾಕಾಳಿನ ಹಿಟ್ಟು ಕಲಸಿ ಬಟ್ಟಲಿನ ಒಳಗೋಡೆಗೆ ಮೆತ್ತಬೇಕು. ಮೇಲೆ ಬಟ್ಟೆ ಬಿಗಿದು ಕಟ್ಟಬೇಕು. ವಾಸನೆಗೆ ಬಂದ ಮೀನು ತೂತಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಮರೆಯುತ್ತದೆ. ಒಂದು ಬಟ್ಟಲಿಗೆ ಐದಾರು ಮೀನು ಬಿದ್ದರೆ ಒಳ್ಳೆಯ ದಿನ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಬುಟ್ಟಿ ಇಟ್ಟರೆ ಒಂದೇ ಸಲಕ್ಕೆ ಅದರ ಹತ್ತುಪಟ್ಟು ಬೀಳುತ್ತದೆ. ಆದರೆ ಮೀನುಗಳು ಅದರಲ್ಲಿ ಒಂದರ ಮೇಲೊಂದು ಬಿದ್ದು ಹುರುಪೆ ಕಿತ್ತು ಸಾಯುತ್ತವೆ. ಬಟ್ಟಲಿನಲ್ಲಿ ಹಾಗಾಗುವುದಿಲ್ಲ. ಎತ್ತಿದಾಗಲೂ ಅವು ಸುತ್ತುತ್ತಲೇ ಇರುತ್ತವೆ.

ಹಿಡಿದದ್ದೆಲ್ಲ ಸೇತುವೆ ಪಕ್ಕದ ಮೀನುಗಂಜಿ ಅಂಗಡಿಗೆ ಹೋಗುತ್ತದೆ. ಅಂಗಡಿ ಅವರ ಗಂಡನ ತಮ್ಮನ ಹೆಂಡತಿ ಮಾಲ್ಜಾ ಅವರದು. ಕೆಲವು ಮೀನು ಕುದಿದು ಗಂಜಿಯಾಗುತ್ತವೆ. ಉಳಿದವನ್ನು ಬಾಣಲೆಯಲ್ಲಿ ತಲೆ ಹೊರಗೆ, ಬಾಲ ಒಳಗೆ ಮಾಡಿ ಚಕ್ರದಂತೆ ಜೋಡಿಸಿ, ಕರಿದು, ಮೇಲೆ ಕೆಂಪು ಮೆಣಸಿನ ಗೊಜ್ಜು ಸವರುತ್ತಾರೆ. ದೂರದ ಊರುಗಳಿಂದ ಇದನ್ನು ತಿನ್ನಲೆಂದೇ ಕಾರುಗಳಲ್ಲಿ ಬರುತ್ತಾರೆ. ತಿಂದು, ಬಾಣಲೆಯ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಮೀನು ಹಿಡಿದವರು ಯಾರೆಂದು ಕೇಳಿದವರಿಲ್ಲ.

ಆದರೆ ಯಾವ ನೀರಿನ ಮೀನು ಎಂದು ಊರಿನವರು ಕೇಳತೊಡಗಿ ಮೂರು ವರ್ಷವಾಯಿತು.

ಪಿಲ್ಸುನ್ ಅವರ ಗಂಡ ದೊಕ್ಮಾನ್ ಹೊಳೆಯಲ್ಲಿ ಹೋದದ್ದು ಆ ವರ್ಷದ ಮಳೆಗಾಲದ ಕೊನೆಯಲ್ಲಿ. ಬೆಳಿಗ್ಗೆ ಎಂದಿನಂತೆ ಪಿಲ್ಸುನ್ ಬಟ್ಟಲು ಮುಳುಗಿಸಿ ಬಂದಿದ್ದರು. ಅವನ್ನು ಎತ್ತುವ ಮೊದಲೇ ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಸೈರನ್ ಕೂಗಿತು. ಊರ ಮುಖ್ಯಸ್ಥ ಮಾನ್ಸಿಕ್ ಧ್ವನಿವರ್ಧಕದಲ್ಲಿ ಹೊಳೆಗೆ ಇಳಿಯಬೇಡಿ ಎಂದು ಮೂರು ಸಲ ಹೇಳಿದರು. ಬಟ್ಟಲುಗಳು ಅತ್ತೆಯ ಕಾಲದವು, ಹೋದರೆ ಮತ್ತೆ ಸಿಗುವಂಥವಲ್ಲ. "ನೀರು ಇಲ್ಲಿಗೆ ಬರೋದ್ರೊಳಗೆ ತಂದ್ಬಿಡ್ತೀನಿ, ನೀನು ಒಲೆ ಹಚ್ಚು" ಎಂದು ದೊಕ್ಮಾನ್ ಹೊರಟರು. ಪಿಲ್ಸುನ್ ಒಲೆ ಹಚ್ಚಿದರು.

ನೀರಿಳಿದ ಮೇಲೆ ಹೋಗಿ ನೋಡಿದರೆ ಬಟ್ಟಲುಗಳೆಲ್ಲ ದಡದಲ್ಲಿದ್ದವು. ನೆರೆ ಮುಟ್ಟದಷ್ಟು ಎತ್ತರದ ಕಲ್ಲಿನ ಮೇಲೆ, ಒಂದರೊಳಗೊಂದು ಪೇರಿಸಿ, ಬಟ್ಟೆಗಳನ್ನು ಹಿಂಡಿ ಪಕ್ಕದಲ್ಲಿ ಹರವಿಟ್ಟಿತ್ತು. ಒಂದೂ ಕಡಿಮೆ ಇರಲಿಲ್ಲ. ದೊಕ್ಮಾನ್ ಮಾತ್ರ ಇರಲಿಲ್ಲ. ದೋಣಿ ಬಂತು, ಮುಳುಗುಗಾರರು ಬಂದರು, ಕೆಳಗಿನ ಪಟ್ಟಣದವರೆಗೂ ಹುಡುಕಿದರು. ಅಂಗಿಯ ಒಂದು ಗುಂಡಿ ಕೂಡ ಸಿಗಲಿಲ್ಲ.

"ಎಲ್ಲಾ ಎತ್ತಿಟ್ಟಿದ್ರು. ಬಟ್ಟೆನೂ ಹಿಂಡಿ ಹಾಕಿದ್ರು. ಕೆಲ್ಸ ಮುಗೀತು, ಮನೆಗೆ ಬರ್ಬೇಕಿತ್ತು ತಾನೆ? ಮತ್ತೆ ಯಾಕೆ ಇಳಿದ್ರು ನೀರಿಗೆ?" ಇದನ್ನು ಹೇಳುವಾಗ ಪಿಲ್ಸುನ್ ಅವರ ದನಿ ಏರುವುದಿಲ್ಲ. ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಗಿಯುತ್ತಾರೆ, ಅಷ್ಟೆ. "ಮೂರು ವರ್ಷದಿಂದ ಇದೊಂದೇ ಕೇಳ್ತಾ ಇದೀನಿ. ಯಾರನ್ನ ಕೇಳ್ಬೇಕೋ ಅದೇ ಗೊತ್ತಿಲ್ಲ."

ಹೊಳೆಯಲ್ಲಿ ಹೋದವರ ಹೆಣ ಸಿಗದಿದ್ದರೆ ಇಲ್ಲಿ ಬಟ್ಟಲು ಬಿಡಿಸುತ್ತಾರೆ. ಸತ್ತವರು ಉಣ್ಣುತ್ತಿದ್ದ ಹಿತ್ತಾಳೆಯ ಬಟ್ಟಲಿಗೆ ಅಕ್ಕಿ ತುಂಬಿ, ಬಿಳಿ ಬಟ್ಟೆ ಕಟ್ಟಿ, ಹಗ್ಗದಲ್ಲಿ ನೀರಿಗೆ ಇಳಿಬಿಡುತ್ತಾರೆ. ದೈವ ಮೈಮೇಲೆ ಬರುವ ಹೆಂಗಸು ಗಂಟೆ ಅಲ್ಲಾಡಿಸುತ್ತ ಹೆಸರು ಹಿಡಿದು ಕರೆಯುತ್ತಾಳೆ. ಮೇಲೆಳೆದು ಬಿಚ್ಚಿದಾಗ ಅಕ್ಕಿಯ ಮೇಲೆ ಒಂದು ಕೂದಲು ಇದ್ದರೆ ಜೀವ ನೀರಿನಿಂದ ಮೇಲೆ ಬಂತೆಂದು ಅರ್ಥ. ಬರದೆ ಉಳಿದ ಜೀವ ತನ್ನ ಜಾಗಕ್ಕೆ ಇನ್ನೊಬ್ಬರನ್ನು ಎಳೆದುಕೊಂಡು ತಾನು ಬಿಡುಗಡೆಯಾಗುತ್ತದೆ. ಹಾಗೆಂದು ಇಲ್ಲಿ ಎಲ್ಲರೂ ಹೇಳುತ್ತಾರೆ, ನಂಬುವುದಿಲ್ಲ ಎನ್ನುವವರೂ ಸಂಜೆಯಾದ ಮೇಲೆ ನೀರಿಗೆ ಬೆನ್ನು ಹಾಕಿ ನಿಲ್ಲುವುದಿಲ್ಲ.

ಪಿಲ್ಸುನ್ ಮಾತ್ರ ಬಟ್ಟಲು ಬಿಡಿಸಲು ಒಪ್ಪಲೇ ಇಲ್ಲ. "ಕೂದ್ಲು ಬಂದ್ರೆ ಸತ್ತಿದಾರೆ ಅಂತಾಯ್ತು. ಬರ್ದಿದ್ರೆ ಇನ್ನೂ ಅಲ್ಲೇ ಇದಾರೆ ಅಂತಾಯ್ತು. ಎರಡೂ ಬೇಡ ನಂಗೆ" ಎನ್ನುತ್ತಿದ್ದರು. ದಿನವೂ ಅದೇ ಮಡುವಿಗೆ ಇಳಿಯುತ್ತಿದ್ದರು, ಒಬ್ಬರೇ. ಉಳಿದವರು ಬಲೆಗಳನ್ನು ಸೇತುವೆಯಿಂದ ಮೇಲಕ್ಕೆ ಒಯ್ದಿದ್ದರು. ವರ್ಷದ ಮೊದಲ ಹುಣ್ಣಿಮೆಯಲ್ಲಿ ಹೊಳೆಗೆ ಅನ್ನದ ಪೊಟ್ಟಣ ಬಿಡುವ ಹೆಂಗಸರೂ ಹಂಡೆಮಡುವಿಗೆ ಬರುವುದನ್ನು ಬಿಟ್ಟರು. ಹೋದ ಬೇಸಿಗೆಯಲ್ಲಿ ಪ್ರವಾಸಕ್ಕೆ ಬಂದಿದ್ದ ಗಂಡಸೊಬ್ಬ ತಿರುವಿನಲ್ಲಿ ಜಾರಿ ಬಿದ್ದು ಹೇಗೋ ಎದ್ದು ಬಂದ. ಯಾರೋ ಹಿಮ್ಮಡಿ ಹಿಡಿದಿದ್ದರು ಎಂದು ಗಂಜಿ ಅಂಗಡಿಯಲ್ಲಿ ಕೂತು ನಡುಗುತ್ತ ಹೇಳಿದ. ಆ ಮೇಲೆ ಊರಿನವರು ಮಾಲ್ಜಾ ಅವರ ಅಂಗಡಿಗೂ ಕಾಲಿಡಲಿಲ್ಲ.

ಈ ವರ್ಷದ ಮೊದಲ ಹುಣ್ಣಿಮೆಯ ದಿನ ಮಾಲ್ಜಾ ವಾರಗಿತ್ತಿಯ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಒಳಗೆ ಬರಲಿಲ್ಲ.

"ಅಕ್ಕ, ಇದು ಕೊನೆ ಮಾತು. ಬಟ್ಟಲು ಬಿಡ್ಸು. ಇಲ್ಲಾಂದ್ರೆ ಈ ಸಲದಿಂದ ನಿನ್ನ ಮೀನು ನಂಗೆ ಬೇಡ."

"ಬೇಡಾಂದ್ರೆ ಬಿಡು. ಮೀನೇನು ಅಳ್ತಾವಾ?"

"ಮೀನು ಅಳಲ್ಲ, ನಾನು ಅಳ್ತೀನಿ! ಗಿರಾಕಿ ಬಾಣ್ಲೆ ನೋಡಿ, ಇದ್ರಲ್ಲಿ ನಿಮ್ಮ ಭಾವ ಎಷ್ಟಿದಾರೆ ಅಂತ ಕೇಳ್ತಾನೆ ಅಕ್ಕ. ನಗ್ತಾ ಕೇಳ್ತಾನೆ. ಏನಂತ ಹೇಳ್ಲಿ?"

ಬೇರೆ ಅಂಗಡಿ ಹತ್ತಿರದಲ್ಲಿಲ್ಲ. ಮೀನು ಕೊಳ್ಳುವವರಿಲ್ಲದೆ ಹೊಳೆಗೆ ಇಳಿಯಲು ಅವರಿಗೆ ಬೇರೆ ನೆಪವೂ ಇರಲಿಲ್ಲ. ಮಡುವಿಗೆ ಹೋಗುವುದು ತಪ್ಪಿದರೆ ದಿನದ ಆ ಹೊತ್ತು ಎಲ್ಲಿರಬೇಕು ಎನ್ನುವುದೇ ಅವರಿಗೆ ತಿಳಿಯದು. ಕೊನೆಗೆ, "ಹೂವು ಬಿಡೋ ಹೊತ್ತಿಗೆ ಮಾಡ್ಸೋಣ" ಎಂದರು.

ಏಪ್ರಿಲಿನ ಒಂದು ಮಧ್ಯಾಹ್ನ, ದಡದ ಪ್ಲಮ್ ಮರಗಳ ಹೂವು ನೀರಿಗೆ ಉದುರುತ್ತಿದ್ದಾಗ, ಹನ್ಸಿಲ್ ಊರಿನ ಅಜ್ಜಿಯನ್ನು ಕರೆಸಿದರು. ಈ ಕಣಿವೆಯಲ್ಲಿ ಸತ್ತವರನ್ನು ಕರೆಯಬಲ್ಲ ಹೆಂಗಸು ಈಗ ಅವರೊಬ್ಬರೇ. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಹರಿತ. ಊರು ಊರೇ ದಡದಲ್ಲಿ ಸೇರಿತ್ತು. ಮಾನ್ಸಿಕ್ ಹಗ್ಗ ಹಿಡಿದರು. ಬಟ್ಟಲನ್ನು ಹೆಂಡತಿಯೇ ಕಟ್ಟಬೇಕು. ಪಿಲ್ಸುನ್ ಹಿಂದಿನ ದಿನವೇ ಹೊಸ ಬಿಳಿ ಬಟ್ಟೆ ಕತ್ತರಿಸಿ, ಅಂಚು ಹೊಲಿದು, ಮಡಚಿ ತಂದಿದ್ದರು. ದೊಕ್ಮಾನ್ ಉಣ್ಣುತ್ತಿದ್ದ ಬಟ್ಟಲಿಗೆ ಅಕ್ಕಿ ತುಂಬಿ, ಬಟ್ಟೆ ಮುಚ್ಚಿ, ಹಲ್ಲಿನಿಂದ ಗಂಟು ಬಿಗಿದು ಕೊಟ್ಟರು.

ಗಂಟೆ ಅಲ್ಲಾಡಿತು. ಹನ್ಸಿಲ್ ಅಜ್ಜಿ ಹೆಸರು ಕರೆದರು, ಹುಟ್ಟಿದ ವರ್ಷ ಹೇಳಿ ಕರೆದರು, ಬಾ ಮಗಾ, ಚಳಿ ಸಾಕು, ಬಾ ಎಂದರು. ಬಟ್ಟಲು ಮಡುವಿನ ನಡುವೆ ಮುಳುಗಿತು. ಅಲ್ಲಿದ್ದವರು ಒಂದು ಮಾತನ್ನು ಒಪ್ಪಿ ಹೇಳುತ್ತಾರೆ: ಆ ಹೊತ್ತಿನಲ್ಲಿ ಕಲ್ಮೀನಿನ ಸದ್ದು ಪೂರ್ತಿ ನಿಂತಿತ್ತು. ಪಿಲ್ಸುನ್ ಅವರ ಕಾಲುಗಳು ತಾವಾಗಿಯೇ ಒಂದು ಹೆಜ್ಜೆ ಹಿಂದೆ ಸರಿದವು.

ಮಾನ್ಸಿಕ್ ಹಗ್ಗ ಎಳೆದರು. ಬಟ್ಟಲು ಬಂತು. ಬಟ್ಟೆಯ ನಡುವೆ ದುಂಡಗಿನ ತೂತು. ಒಳಗೆ ಅಕ್ಕಿ ಮುಕ್ಕಾಲು ಖಾಲಿ, ಉಳಿದ ಕಾಲುಭಾಗದ ಮೇಲೆ ಮೂರು ಕಲ್ಮೀನು ಸುತ್ತುತ್ತಿದ್ದವು.

ಹನ್ಸಿಲ್ ಅಜ್ಜಿ ಬಟ್ಟಲಿನೊಳಗೆ ಬೆರಳಿಟ್ಟು ನೋಡಿದರು.

"ಏನೇ ಇದು! ಗಂಡನ್ನ ಕರೀತಾ ಇದೀಯೋ, ಗಂಜಿಗೆ ಮೀನು ಹಿಡೀತಾ ಇದೀಯೋ?"

ಮಾಲ್ಜಾ ಕಿಸಕ್ಕೆಂದು ನಕ್ಕರು, ನಗು ಅರ್ಧದಲ್ಲೇ ಅಳುವಾಯಿತು. ಪಿಲ್ಸುನ್ ತಮ್ಮ ಕೈಗಳನ್ನೇ ನೋಡುತ್ತ ನಿಂತಿದ್ದರು. ನಲವತ್ತು ಚಿಲ್ಲರೆ ವರ್ಷ ಬಟ್ಟಲಿಗೆಂದು ಬಟ್ಟೆ ಕತ್ತರಿಸಿದ ಕೈ, ಅಂದೂ ಹಾಗೆಯೇ ತೂತು ಕತ್ತರಿಸಿತ್ತು. ತೂತಿನ ಸುತ್ತ ನೂಲು ಬಿಚ್ಚಿಕೊಳ್ಳದ ಹಾಗೆ ಅಂಚನ್ನೂ ಹೊಲಿದಿತ್ತು.

"ಬೇಕಂತಾನೇ ಮಾಡಿದ್ಳು ಅಕ್ಕ" ಎಂದು ಮಾಲ್ಜಾ ಇವತ್ತಿಗೂ ಹೇಳುತ್ತಾರೆ, ಪಿಲ್ಸುನ್ ಎದುರಿಗೇ. "ಭಾವ ಮೇಲೆ ಬರೋದು ಅವ್ಳಿಗೆ ಬೇಡವಾಗಿತ್ತು."

"ಬೇಕಂತ ಮಾಡಿದ್ರೆ ಅಷ್ಟು ಚೆಂದಾಗಿ ಹೊಲೀತಿದ್ನಾ?" ಎನ್ನುತ್ತಾರೆ ಪಿಲ್ಸುನ್. ಆದರೆ ಅದನ್ನು ಹೇಳುವಾಗ ಅವರು ಮಾಲ್ಜಾ ಮುಖ ನೋಡುವುದಿಲ್ಲ.

ಹನ್ಸಿಲ್ ಅಜ್ಜಿ ಬೈದುಕೊಂಡೇ ತಮ್ಮ ಸೊಂಟದ ಬಿಳಿ ಪಟ್ಟಿ ಬಿಚ್ಚಿಕೊಟ್ಟರು. ಮೀನುಗಳನ್ನು ನೀರಿಗೆ ಬಿಟ್ಟು, ಹೊಸ ಅಕ್ಕಿ ತುಂಬಿ, ಈ ಸಲ ತೂತಿಲ್ಲದ ಬಟ್ಟೆ ಸುತ್ತಿ ಮತ್ತೆ ಬಿಟ್ಟರು. ಮತ್ತೆ ಕರೆದರು. ಬಿಸಿಲು ಬಂಡೆಯ ಆಚೆ ಇಳಿದು ಮಡು ಕಪ್ಪಾಗಿತ್ತು. ಹಗ್ಗ ಎಳೆಯುವಾಗ ಭಾರ ಬಂತು ಎಂದು ಮಾನ್ಸಿಕ್ ಹೇಳುತ್ತಾರೆ. ಒಂದು ಬಟ್ಟಲಿನ ಭಾರವಲ್ಲ, ತುಂಬಿದ ಕೊಡದ ಭಾರ.

ಬಿಚ್ಚಿದರು. ಒಂದು ಕಾಳೂ ಕದಲಿರಲಿಲ್ಲ. ಅಕ್ಕಿಯ ಮೇಲೆ ಒಂದು ಕೂದಲು ಸುರುಳಿ ಸುತ್ತಿಕೊಂಡು ಕೂತಿತ್ತು. ಮಾನ್ಸಿಕ್ ತುದಿ ಹಿಡಿದು ಎತ್ತಿದರು. ಎತ್ತಿದರು, ಇನ್ನೂ ಎತ್ತಿದರು. ಅದು ಮುಗಿಯುವಷ್ಟರಲ್ಲಿ ಅವರ ಕೈ ಭುಜಕ್ಕಿಂತ ಮೇಲೆ ಹೋಗಿತ್ತು.

ದೊಕ್ಮಾನ್ ಅವರದು ತಿಂಗಳಿಗೊಮ್ಮೆ ಮೆಷಿನ್ ಹಾಕಿಸಿಕೊಳ್ಳುತ್ತಿದ್ದ ನರೆತ ತಲೆ. ಈ ಕೂದಲು ಕಪ್ಪಗಿತ್ತು. ಹೆಂಗಸಿನದು.

"ಇದು ಅಣ್ಣಂದಲ್ಲ" ಎಂದು ಮಾನ್ಸಿಕ್ ಹೇಳಿದರು. ಹೇಳುವ ಅಗತ್ಯ ಇರಲಿಲ್ಲ.

ಊರಿನಲ್ಲಿ, ಪಕ್ಕದ ಊರುಗಳಲ್ಲಿ ಕಾಣೆಯಾದ ಹೆಂಗಸರಿಲ್ಲ. ಮರುದಿನ ಮಾನ್ಸಿಕ್ ಪೊಲೀಸ್ ಚೌಕಿಗೂ ಹೋಗಿ ಬಂದರು. ಒಂದು ಕೂದಲು ಸಿಕ್ಕಿತೆಂದರೆ ನಾವೇನು ಬರೆದುಕೊಳ್ಳೋಣ ಎಂದು ಅಲ್ಲಿದ್ದವರು ಕೇಳಿದರಂತೆ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹನ್ಸಿಲ್ ಅಜ್ಜಿ ಇನ್ನೊಂದು ಸಲ ಬಟ್ಟಲು ಬಿಡಲು ಒಪ್ಪಲಿಲ್ಲ. ವರ್ಷಕ್ಕೆ ಒಂದೇ ಜೀವ ಎಂಬಂತೆ ಕೈ ಆಡಿಸಿ, ಈ ವರ್ಷ ಮುಗಿಯಿತು ಎಂದರು. ಬಂದವಳನ್ನು ಕಳಿಸಿಕೊಡಲೂ ಅವರಿಂದಾಗಲಿಲ್ಲ. ಕಳಿಸಬೇಕಾದರೆ ಹೆಸರು ಬೇಕು, ಹುಟ್ಟಿದ ವರ್ಷ ಬೇಕು. ಹೆಸರಿಲ್ಲದವರು ಎಲ್ಲಿಗೆ ಹೋಗುತ್ತಾರೆ?

ದಡದ ಮೇಲಿನ ಜಗಳ ಮಾತ್ರ ಅಂದು ಕೂದಲು ಬಂದ ಕೂಡಲೇ ಶುರುವಾಗಿತ್ತು.

"ವಾಪಸ್ ನೀರಿಗೆ ಹಾಕ್ಬಿಡು ಅಕ್ಕ! ನಮ್ಮ ಭಾವನ್ನ ಎಳ್ಕೊಂಡವ್ಳೇ ಇವ್ಳು. ನಂಗೆ ಗ್ಯಾರಂಟಿ."

"ಎಳ್ಕೊಂಡಿದ್ರೆ ಅವ್ಳು ಆವತ್ತೇ ಬಿಡುಗಡೆ ಆಗ್ಬೇಕಿತ್ತಲ್ಲ. ಇನ್ನೂ ಯಾಕೆ ಇಲ್ಲೇ ಇದಾಳೆ?"

ಮಾಲ್ಜಾ ಕೈ ಕೊಡವಿದರು. "ಅದೆಲ್ಲಾ ನಂಗೊತ್ತಿಲ್ಲ. ಸುಟ್ಟಾದ್ರೂ ಹಾಕು."

"ಹೊಸಿಲಿಗೆ ಬಂದವರನ್ನ ನೀನ್ಯಾರು ಅಂತ ಕೇಳಿ ಆಮೇಲೆ ಅನ್ನ ಹಾಕ್ತಾರಾ? ಮೊದ್ಲು ಹಾಕ್ತಾರೆ. ಆಮೇಲೆ ಕೇಳ್ತಾರೆ."

ಪಿಲ್ಸುನ್ ಆ ಕೂದಲನ್ನು ಬಿಳಿ ಕಾಗದದಲ್ಲಿ ಸುತ್ತಿ, ಎದೆಗೆ ಒತ್ತಿ ಹಿಡಿದು, ಯಾರ ಮುಖವನ್ನೂ ನೋಡದೆ ಊರಿನ ಏರು ಹತ್ತಿ ಹೋದರು. ಜನ ಇಬ್ಬದಿಗೂ ಸರಿದು ದಾರಿ ಬಿಟ್ಟರು. ಅವರ ಹಿಂದೆ ಇನ್ನೊಬ್ಬರು ನಡೆದು ಬರುತ್ತಿದ್ದರೆ ಎಷ್ಟು ಜಾಗ ಬೇಕೋ ಅಷ್ಟು.

ಅಂದಿನಿಂದ ಅದು ಅವರ ಮನೆಯಲ್ಲಿದೆ. ಒಳಕೋಣೆಯ ಗೂಡಿನಲ್ಲಿ, ಅಕ್ಕಿ ತುಂಬಿದ ಚಿಕ್ಕ ಜಾಡಿಯ ಮೇಲೆ. ಬೆಳಿಗ್ಗೆ ಹೊಳೆಯಿಂದ ಬಂದ ಮೇಲೆ ಪಿಲ್ಸುನ್ ಒಂದು ಬಟ್ಟಲು ಅನ್ನ, ಸೊಪ್ಪಿನ ಪಲ್ಯ, ಒಂದು ಲೋಟ ನೀರು ಇಡುತ್ತಾರೆ. ಮೀನು ಇಡುವುದಿಲ್ಲ. "ಅಷ್ಟು ವರ್ಷ ಅವುಗಳ ಜೊತೆನೇ ಇದ್ಳು, ಮತ್ತೆ ಅದನ್ನೇ ತಿನ್ನು ಅನ್ನೋಕಾಗುತ್ತಾ?" ಸ್ವಲ್ಪ ಹೊತ್ತು ಬಿಟ್ಟು ಅದೇ ಅನ್ನವನ್ನು ತಾವು ಉಣ್ಣುತ್ತಾರೆ. ಅನ್ನ ಆರಿರುತ್ತದೆ. ಆರಬೇಕಾದ್ದಕ್ಕಿಂತ ಬೇಗ ಆರಿರುತ್ತದೆ ಎಂದು ಅವರು ಒಮ್ಮೆ ಹೇಳಿ, ಆಮೇಲೆ ಹಳೆಯ ಮನೆ, ಗಾಳಿ ಬರುತ್ತದೆ ಎಂದು ತಾವೇ ತಿದ್ದಿಕೊಂಡರು.

ಕೂದಲು ಬೆಳೆಯುತ್ತಿದೆ ಎನ್ನುವ ಮಾತು ಊರಿನಲ್ಲಿದೆ. ಹೇಳಿದವರು ಮಾಲ್ಜಾ. ಏಪ್ರಿಲಿನಲ್ಲಿ ಮಾನ್ಸಿಕ್ ಕೈಯಲ್ಲಿ ನೋಡಿದ್ದಕ್ಕಿಂತ ಈಗ ಸುರುಳಿ ದಪ್ಪ ಇದೆ ಎಂದು ಅವರು ಆಣೆ ಇಡುತ್ತಾರೆ. ಪಿಲ್ಸುನ್ ಅವರನ್ನು ಕೇಳಿದರೆ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. "ಅಳತೆ ನೋಡಲ್ಲ ನಾನು. ಮನೇಲಿರೋರನ್ನ ದಿನಾ ಅಳೀತಾರಾ?"

ಆದರೂ ಮಾಲ್ಜಾ ಮೀನು ಕೊಳ್ಳುತ್ತಿದ್ದಾರೆ. ಇದು ಹೇಗಾಯಿತೆಂದು ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಬಟ್ಟಲು ಬಿಡಿಸಿ ಎಂದವರೇ ಅವರು, ಪಿಲ್ಸುನ್ ಬಿಡಿಸಿದ್ದಾರೆ. ಮಡುವಿನಿಂದ ಒಂದು ಜೀವ ಮೇಲೆ ಬಂದಿದೆ. ಯಾರದ್ದೆಂದು ಷರತ್ತು ಹಾಕಿರಲಿಲ್ಲ. ಹತ್ತು ದಿನ ಮುಖ ತಿರುಗಿಸಿಕೊಂಡಿದ್ದ ಮಾಲ್ಜಾ ಹನ್ನೊಂದನೆಯ ಬೆಳಿಗ್ಗೆ ಬಕೆಟ್ ಹಿಡಿದು ತಾವೇ ದಡಕ್ಕೆ ಬಂದರು. ನೀರಿನಿಂದ ಮೂರು ಮಾರು ದೂರ ನಿಂತು ಕೂಗಿದರು.

"ಒಂದು ಮಾತು! ಮೀನು ನಿನ್ನ ಮನೆಯೊಳಗೆ ಹೋಗ್ಬಾರ್ದು. ಇಲ್ಲಿಂದ್ಲೇ ನಂಗೆ ಕೊಡ್ಬೇಕು. ಹೊಸಿಲು ದಾಟಿದ್ರೆ ತಗೊಳಲ್ಲ."

"ನೀನು ಇಲ್ಲಿವರ್ಗೂ ಬರ್ತೀಯಾ ದಿನಾ? ಮೊಣಕಾಲು ನೋವು ಅಂತಿದ್ದೆ."

"ನೋವಿದೆ. ಬರ್ತೀನಿ. ಏನೀಗ?"

ಆ ದಿನ ಅಂಗಡಿ ತೆರೆದಾಗ ಮಾಲ್ಜಾ ಮೊದಲ ಬಾಣಲೆಯನ್ನು ಗಿರಾಕಿಗೆ ಕೊಡಲಿಲ್ಲ. ಬಾಗಿಲೆದುರಿನ ಮೇಜಿನಲ್ಲಿ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಕೂತು, ಚಕ್ರದ ಒಂದೊಂದೇ ಮೀನನ್ನು ತಲೆಸಮೇತ ಅಗಿದು ತಿಂದರು. ಮಾನ್ಸಿಕ್ ಬಂದು ಎದುರು ಕೂತು ತಾವೂ ಒಂದು ಮೀನು ಬಾಯಿಗಿಟ್ಟರು. ತಿನ್ನುತ್ತ ಅವರಿಗೆ ಬೆವರು ಬಂತು, ಮೆಣಸಿನ ಗೊಜ್ಜಿಗಿರಬೇಕು. ಅವರು ತಿಂದಿದ್ದನ್ನು ನೋಡಿ ಇನ್ನಿಬ್ಬರು ಬಂದರು.

ಮಡುವಿನ ಕೆಲಸ ಈಗ ಮೊದಲಿನಂತೆಯೇ ನಡೆದಿದೆ. ಮೇ ಕಳೆದು ಜೂನ್ ಬಂದಾಗ ಮಾತ್ರ ಪಿಲ್ಸುನ್ ಕೆಲವು ಕಲ್ಲುಗಳ ಬಳಿ ಬಟ್ಟಲು ಇಡುವುದಿಲ್ಲ. ಆ ಕಲ್ಲುಗಳ ಅಡಿಯಲ್ಲಿ ಕೊಕ್ಜಿ ಎಂಬ ಬೇಟೆಮೀನು ಮೊಟ್ಟೆ ಕಾಯುತ್ತಿರುತ್ತದೆ. ಗಂಡೇ ಕಾಯುವುದು. ರೆಕ್ಕೆಯಿಂದ ನೀರು ಬೀಸುತ್ತ, ಊಟ ಬಿಟ್ಟು, ಹತ್ತಿರ ಬಂದದ್ದನ್ನೆಲ್ಲ ಕಚ್ಚಿ ಓಡಿಸುತ್ತದೆ. ಅಂಥದ್ದರ ಮೇಲೆ ಕಲ್ಮೀನುಗಳು ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮುಗಿಬೀಳುತ್ತವೆ. ತಳಕ್ಕೆ ಗಾಜು ಕೂರಿಸಿದ ಡಬ್ಬಿಯನ್ನು ನೀರಿಗೊತ್ತಿ ನೋಡಿದರೆ ಕಾಣುತ್ತದೆ: ನೂರಾರು ಕಪ್ಪು ಪಟ್ಟಿಗಳು ಒಂದೇ ಮೈಯಾಗಿ ಬಂದು ಕಲ್ಲನ್ನು ಮುಚ್ಚುತ್ತವೆ. ಒಂದಿಷ್ಟೂ ಸದ್ದಿಲ್ಲ. ಕೊಕ್ಜಿ ಹುಚ್ಚು ಹಿಡಿದಂತೆ ಕಚ್ಚುತ್ತದೆ, ಕೆಲವನ್ನು ನುಂಗಿಯೂ ಬಿಡುತ್ತದೆ. ಉಳಿದವು ಅದರ ಮೊಟ್ಟೆಗಳ ಪಕ್ಕದಲ್ಲೇ ತಮ್ಮ ಮೊಟ್ಟೆ ಮೆತ್ತಿ, ಬಂದ ಹಾಗೆಯೇ ಕರಗಿಹೋಗುತ್ತವೆ. ಕೆಸರು ಕೂತ ಮೇಲೆ ಕೊಕ್ಜಿ ಮತ್ತೆ ರೆಕ್ಕೆ ಬೀಸತೊಡಗುತ್ತದೆ. ತನ್ನದಕ್ಕೂ, ತನ್ನದಲ್ಲದ್ದಕ್ಕೂ.

"ಅದಕ್ಕೆ ಗೊತ್ತಾಗಲ್ಲ, ಪೆದ್ದು ಅಂತಾರೆ ಎಲ್ಲಾರೂ" ಎಂದು ಪಿಲ್ಸುನ್ ಡಬ್ಬಿಯಿಂದ ಮುಖ ಎತ್ತದೆಯೇ ಹೇಳುತ್ತಾರೆ. "ನಂಗೇನೋ ಗೊತ್ತಾಗುತ್ತೆ ಅಂತಾನೇ ಅನ್ಸುತ್ತೆ. ಎರಡರ ಬಣ್ಣನೇ ಬೇರೆ."

ಬೆಳಕು ಹರಿಯುತ್ತಿದೆ. ಬಟ್ಟಲುಗಳನ್ನು ಎತ್ತುವ ಹೊತ್ತು. ದಡದಲ್ಲಿ ಮಾಲ್ಜಾ ಬಕೆಟ್ಟಿನ ಮೇಲೆ ಕೈಯಿಟ್ಟು ನಿಂತು, ಬೇಗ ಬಾರೇ ಅಕ್ಕ, ಒಲೆ ಉರೀತಾ ಇದೆ ಎಂದು ಕೂಗುತ್ತಾರೆ. ನೀರಿಗೆ ಬೆನ್ನು ಹಾಕಿಲ್ಲ. ಪಿಲ್ಸುನ್ ಬಟ್ಟೆ ಬಿಚ್ಚಿ ಮೀನುಗಳನ್ನು ಬಕೆಟ್ಟಿಗೆ ಸುರಿಯುತ್ತಾರೆ, ಬೆರಳುಗಳು ಚಳಿಗೆ ನೇರವಾಗುವುದಿಲ್ಲ. ಬರುವ ವಸಂತದಲ್ಲಿ ಹನ್ಸಿಲ್ ಅಜ್ಜಿ ಬದುಕಿದ್ದರೆ ಗಂಡನಿಗಾಗಿ ಮತ್ತೊಮ್ಮೆ ಬಟ್ಟಲು ಬಿಡಿಸುವುದಾಗಿ ಹೇಳುತ್ತಾರೆ. ಬಟ್ಟೆಯನ್ನು ಈ ಸಲ ಮಾಲ್ಜಾ ಕತ್ತರಿಸುತ್ತಾರಂತೆ. ಮೊದಲು ಬೇಡವೆಂದದ್ದಕ್ಕೆ ಈಗ ಯಾಕೆ ಒಪ್ಪಿಗೆ ಎಂಬ ಪ್ರಶ್ನೆಗೆ ಅವರು ಬುಟ್ಟಿ ಕೆಳಗಿಡುತ್ತಾರೆ.

"ನಮ್ಮನೆಯವ್ರು ಸುಮ್ಮನೆ ನೀರಿಗಿಳಿಯೋ ಮನುಷ್ಯ ಅಲ್ಲ. ಕೆಲ್ಸ ಮುಗ್ಸಿ ನಿಂತಿದ್ದಾಗ ಯಾರೋ ಕೂಗಿರ್ಬೇಕು. ಹೆಂಗಸಿನ ದನಿ. ಎಲ್ಲಿಯವಳೋ, ಮೇಲಿಂದ ಬಂದ ನೀರಲ್ಲಿ ತೇಲಿ ಬಂದಿರ್ಬೇಕು. ಅದಕ್ಕೇ ಇಳಿದ್ರು. ಹಿಡಿಯೋಕಾಗ್ಲಿಲ್ಲ, ಅಥವಾ ಹಿಡಿದು ಬಿಡೋಕಾಗ್ಲಿಲ್ಲ."

"ಅಥ್ವಾ ಅವ್ಳೇ ಕರೆದು ಎಳ್ಕೊಂಡ್ಳು" ಎನ್ನುತ್ತಾರೆ ಮಾಲ್ಜಾ, ಬಕೆಟ್ಟಿನ ಮೀನು ನೋಡುತ್ತ.

"ಅದೂ ಇರ್ಬಹುದು" ಎಂದು ಪಿಲ್ಸುನ್ ಒಪ್ಪುತ್ತಾರೆ. "ಅದಕ್ಕೇ ಹೆಸ್ರು ಬೇಕಾಗಿರೋದು. ಪೇಪರಿಗೆ ಬರೆಯೋದಾದ್ರೆ ಇದನ್ನ ಬರೀರಿ. ಕೂದ್ಲು ಕಪ್ಪು, ಬಣ್ಣ ಹಾಕಿದ್ದಲ್ಲ. ಮಾರುದ್ದ ಇದೆ. ತುದಿ ಸ್ವಲ್ಪ ಗುಂಗುರು, ಜಡೆ ಹಾಕ್ತಿದ್ದೋರಿಗೆ ಇರುತ್ತಲ್ಲ, ಹಾಗೆ. ನಾಲ್ಕನೇ ವರ್ಷ ನಡೀತಾ ಇದೆ. ಯಾರ ಮನೇಲಾದ್ರೂ ಒಬ್ಬಳು ಹೊರಗೆ ಹೋದೋಳು ವಾಪಸ್ ಬಂದಿಲ್ಲಾಂದ್ರೆ ಮುಲ್ಗೊಲ್‌ಗೆ ಬರ್ಲಿ. ನಾನೇನೂ ಕೇಳಲ್ಲ. ಹೆಸ್ರು ಹೇಳಿ ಕರ್ಕೊಂಡು ಹೋಗ್ಲಿ."

ಅವರು ಬುಟ್ಟಿ ಎತ್ತಿಕೊಂಡು ಏರು ಹತ್ತತೊಡಗುತ್ತಾರೆ. ನಾಲ್ಕು ಹೆಜ್ಜೆ ಹೋಗಿ, ಹೇಳಲು ಮರೆತದ್ದು ನೆನಪಾದಂತೆ ತಿರುಗಿ ನಿಲ್ಲುತ್ತಾರೆ.

"ಅವಸರ ಮಾಡ್ಬೇಡಿ ಅಂತಾನೂ ಬರೀರಿ. ಊಟಕ್ಕೆ ತೊಂದ್ರೆ ಇಲ್ಲ. ಚೆನ್ನಾಗೇ ನೋಡ್ಕೊಂಡಿದೀನಿ."